ಬಟ್ಟೆಯ ಬೆಟ್ಟ

ಒಂದು ಮೂಟೆ ಹೊರುವುದಕ್ಕೆ ಏನು ಖರ್ಚಾಗುತ್ತದೆ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಕೂಲಿ ಎಷ್ಟು ಎಂದು ಕೇಳುತ್ತಾರೆ, ಅದು ಬೇರೆ ಮಾತು. ಖರ್ಚು ಹೀಗಿದೆ. ಮೊದಲು ನೆತ್ತಿಯ ಕೂದಲು ಹೋಗುತ್ತದೆ. ಹೊರೆಯಡಿ ಬಟ್ಟೆಯ ಸಿಂಬಿ ಇಟ್ಟ ಜಾಗ ಅಂಗೈಯಗಲ ಬೋಳಾಗುತ್ತದೆ. ನಮ್ಮ ಓಣಿಯ ಹೆಂಗಸರು ಮನೆಯೊಳಗೂ ತಲೆಗೆ ಬಟ್ಟೆ ಕಟ್ಟಿಕೊಂಡಿರುವುದು ಅದಕ್ಕೇ. ಆಮೇಲೆ ಕತ್ತು ಗಿಡ್ಡವಾಗುತ್ತದೆ. ಆಮೇಲೆ ಮೊಣಕಾಲು ಹೋಗುತ್ತದೆ. ಗಂಡಸರಿಗೆ ಬೆನ್ನು ಬೀಳುತ್ತದೆ, ಹೆಂಗಸರಿಗೆ ಗರ್ಭಕೋಶ ಜಾರುತ್ತದೆ. ಆಮೇಲೆ ನಿದ್ದೆ. ಮಲಗಿದಾಗಲೂ ತಲೆಯ ಮೇಲೆ ಏನೋ ಇದೆ ಅನ್ನಿಸಿ ಕತ್ತು ಬಿಗಿಹಿಡಿದೇ ಮಲಗುತ್ತೇವೆ. ಕೊನೆಗೆ ಎತ್ತರ. ನನ್ನ ಅಮ್ಮ ಸಾಯುವ ಹೊತ್ತಿಗೆ ಮದುವೆಯಾದಾಗ ಇದ್ದದ್ದಕ್ಕಿಂತ ಗೇಣು ಕಡಿಮೆಯಾಗಿದ್ದಳು. ಆ ಗೇಣು ಎಲ್ಲಿ ಹೋಯಿತು ಎಂದು ಕೇಳಿದರೆ, ಸಾಹುಕಾರರ ಗೋದಾಮಿನ ಕಡೆಗೆ ಕೈ ತೋರಿಸುತ್ತೇನೆ.

ನಾವು ಸಗಟು ಮಾರುಕಟ್ಟೆಯ ಹಮಾಲರು. ಗಂಡಸರು ಬೆನ್ನ ಮೇಲೆ ಹೊರುತ್ತಾರೆ, ಹೆಂಗಸರು ತಲೆಯ ಮೇಲೆ. ನಮ್ಮ ಗ್ಯಾಂಗಿನ ಯಜಮಾನಿಕೆ ನನ್ನದು. ನನಗಿಂತ ದೊಡ್ಡವರೂ ನನ್ನನ್ನು ಅಕ್ಕ ಎನ್ನುತ್ತಾರೆ. ನನ್ನ ಒಡಹುಟ್ಟಿದ ತಮ್ಮನೂ ಅದೇ ಗ್ಯಾಂಗಿನಲ್ಲಿದ್ದ. ಅವನನ್ನು ಎಲ್ಲರೂ ಕಂಬ ಎಂದು ಕರೆಯುತ್ತಿದ್ದರು. ಬೆನ್ನ ಮೇಲೆ ಏನೇ ಹೇರಲಿ, ಕಂಬ ಅಲ್ಲಾಡಿದ್ದನ್ನು ನೋಡಿದವರಿರಲಿಲ್ಲ.

ನಮ್ಮಲ್ಲಿ ಒಂದು ಕೂಗು ಇದೆ. ಹೊರೆ ಹೊತ್ತವನಿಗೆ ಇನ್ನು ಆಗುವುದಿಲ್ಲ ಅನ್ನಿಸಿದರೆ "ಹೆಗಲೋ!" ಎಂದು ಕೂಗುತ್ತಾನೆ. ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಮಾತು ಬಿಟ್ಟವನಾದರೂ ಓಡಬೇಕು, ಕೋರ್ಟಿನಲ್ಲಿ ಎದುರು ನಿಂತವನಾದರೂ ಓಡಬೇಕು. ಯಾಕೆ, ಏನು ಎಂಬುದೆಲ್ಲ ಹೊರೆ ಇಳಿದ ಮೇಲೆ. ಒಂದೇ ಒಂದು ಕಟ್ಟಳೆ: ಹೊರೆಯ ಕೆಳಗೆ ಇರುವವನೇ ಕೂಗಬೇಕು. ಇನ್ನೊಬ್ಬರು ಅವನ ಪರವಾಗಿ ಕೂಗಿದರೆ ಅವನ ಮುಖಕ್ಕೆ ಉಗಿದ ಹಾಗೆ. ನೀನು ಹೆಣ, ನಿನಗೆ ಬಾಯಿಲ್ಲ ಎಂದ ಹಾಗೆ. ಕಂಬ ಹೊರೆ ಹೊರಲು ಶುರು ಮಾಡಿದಂದಿನಿಂದ ಒಮ್ಮೆಯೂ ಕೂಗಿದವನಲ್ಲ. ಅವನಿಗಿದ್ದ ಆಸ್ತಿ ಅದೊಂದೇ.

ಮಾರುಕಟ್ಟೆಯ ಹಿಂದಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಬಡಾವಣೆಯ ಕಲಾ ಉತ್ಸವ ನಡೆಯುತ್ತದೆ. ಎರಡು ಸಂಜೆ. ಎಲ್ಲ ಬೀದಿಯವರಿಗೂ ಒಂದೊಂದು ಅವಕಾಶ. ದರ್ಜಿಗಳು ಸೇರಿ ಹಾಡುತ್ತಾರೆ. ಕ್ಷೌರಿಕ ಮಿಮಿಕ್ರಿ ಮಾಡುತ್ತಾನೆ. ನಿವೃತ್ತ ಅಂಚೆಯವರು ಅಕಾರ್ಡಿಯನ್ ನುಡಿಸುತ್ತಾರೆ. ಬೇಕರಿಯವನ ಮಗ ಸೈಕಲ್ಲನ್ನು ಹಿಂದುಮುಂದಾಗಿ ಓಡಿಸುತ್ತಾನೆ. ನಮ್ಮ ಓಣಿಯ ಪಾಲಿಗೆ ಬಂದದ್ದು ಕುರ್ಚಿ ಹೊರುವುದು, ಹಲಗೆ ಹೊರುವುದು, ವೇದಿಕೆ ಕಟ್ಟುವುದು. ಕಟ್ಟಿ ಮುಗಿದ ಮೇಲೆ ಕುರ್ಚಿಗಳ ಹಿಂದೆ ಹಗ್ಗ ಎಳೆಯುತ್ತಾರೆ. ಹಗ್ಗವನ್ನೂ ನಾವೇ ಕಟ್ಟುತ್ತೇವೆ. ಆಮೇಲೆ ಹಗ್ಗದ ಆಚೆ ಹೋಗಿ ನಿಲ್ಲುತ್ತೇವೆ.

ನಮಗೂ ಒಂದು ಆಟ ಗೊತ್ತಿತ್ತು. ಲಾರಿ ಇಳಿಸುವಾಗ ಸಾಲಾಗಿ ನಿಂತು, ಪದ ಹೇಳುತ್ತಾ, ಚೀಲವನ್ನು ಕೈಯಿಂದ ಕೈಗೆ ಎಸೆಯುತ್ತೇವೆ. ತಾಳ ತಪ್ಪಿದರೆ ಎದೆಗೆ ಬೀಳುತ್ತದೆ. ಅದನ್ನು ವೇದಿಕೆಯ ಮೇಲೆ ಮಾಡಿ ತೋರಿಸುತ್ತೇವೆ ಎಂದು ಪ್ರತಿ ವರ್ಷ ಹೋಗಿ ಕೇಳುತ್ತಿದ್ದೆ. ಉತ್ಸವ ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ನಮಗೆ ಕೆಲಸ ಕೊಡುವ ಮಂಡಿಯ ಸಾಹುಕಾರರೇ. "ಮುಂದಿನ ಸಲ ನೋಡೋಣ" ಎನ್ನುತ್ತಿದ್ದರು.

ಈ ಸಲ ಅವರೇ ಹೇಳಿ ಕಳಿಸಿದರು.

"ಅಕ್ಕ, ನಿಮ್ಮ ಓಣಿಗೂ ವೇದಿಕೆ ಕೊಡ್ತಿದೀವಿ. ಖುಷೀನಾ?"

"ಖುಷಿ ಸಾಹುಕಾರ್ರೆ. ಚೀಲ ನಾವೇ ತರೋದಾ, ನೀವು ಕೊಡ್ತೀರಾ?"

"ಚೀಲ ಯಾಕಮ್ಮ? ಅದು ದಿನಾ ನೋಡೋದೇ ಅಲ್ವಾ. ನೃತ್ಯಶಾಲೆ ಮೇಷ್ಟ್ರು ಏನೋ ಹೊಸದು ಯೋಚನೆ ಮಾಡಿದಾರೆ. ಹೋಗಿ ಮಾತಾಡಿ."

ಸುದ್ದಿ ತಿಳಿಸಿದಾಗ ಓಣಿಯವರು ಹಿಗ್ಗಿದರು. ಹೊರುವುದನ್ನು ಬಿಟ್ಟು ವರ್ಷಗಳಾದ ನಮ್ಮ ದೊಡ್ಡವ್ವ ಮಾತ್ರ ಹೊಸ್ತಿಲ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಾ ಹೇಳಿದಳು: "ಅವನು ಕರೆದು ಕೊಟ್ಟ ಅಂದ್ರೆ ಮೊದಲು ತಿರುಗಿಸಿ ನೋಡ್ರೇ. ತಳ ಇದೆಯೋ ಇಲ್ವೋ."

ನೃತ್ಯದ ಮೇಷ್ಟ್ರು ತೆಳ್ಳಗಿನ ಮನುಷ್ಯ, ಮಾತು ಮೃದು. ಶಾಲೆಯ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಭುಜ ಮುಟ್ಟಿ ನೋಡುತ್ತಾ ಹೋದರು. ದನ ಕೊಳ್ಳುವವರ ಹಾಗೆ.

"ಸಂಗೀತ ಶುರುವಾಗುತ್ತೆ. ವೇದಿಕೆ ಖಾಲಿ. ನೆಲದಿಂದ ನಿಧಾನಕ್ಕೆ ಒಂದು ಬೆಟ್ಟ ಏಳುತ್ತೆ. ಬೆಟ್ಟದ ಮೇಲೆ ಮಕ್ಕಳು ಕುಣೀತಾರೆ. ಆ ಬೆಟ್ಟ ನೀವು."

ಒಂದು ದೊಡ್ಡ ಬಟ್ಟೆ ಬಿಡಿಸಿದರು. ಹಸಿರು, ಕಂದು ಬಣ್ಣ ಬಳಿದು ಬಂಡೆ, ಹುಲ್ಲು, ಒಂದು ತೊರೆ ಬರೆದಿದ್ದರು. ಬಣ್ಣದೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಬಟ್ಟೆಯ ಕೆಳಗೆ ಮೂರು ಸಾಲು. ಮುಂದಿನವರು ಮೊಣಕಾಲೂರಿ, ನಡುವಿನವರು ಅರ್ಧ ಬಗ್ಗಿ, ಹಿಂದಿನವರು ನೆಟ್ಟಗೆ. ಪ್ರತಿ ಸಾಲಿನ ಹೆಗಲ ಮೇಲೆ ಒಂದು ಉದ್ದ ಹಲಗೆ. ಮೊದಲು ಎಲ್ಲರೂ ಕುಕ್ಕರಗಾಲಲ್ಲಿ ಕೂತು, ತಮಟೆ ಸದ್ದಿಗೆ ಸರಿಯಾಗಿ ಏಳಬೇಕು. ಹಿಂದಿನ ಸಾಲಿನ ಮಧ್ಯೆ, ಎಲ್ಲ ಭಾರ ಕೂಡುವ ಜಾಗಕ್ಕೆ, ಕಂಬ. ಅವನ ಮುಂದೆ ನಡುವಿನ ಸಾಲಿನಲ್ಲಿ ನಾನು. ಅರ್ಧ ಬಗ್ಗಿದಾಗ ನನ್ನ ಬೆನ್ನು ಅವನ ಮೊಣಕಾಲಿಗೆ ತಾಗುತ್ತಿತ್ತು.

"ಮುಖ ಯಾವಾಗ ಕಾಣ್ಸುತ್ತೆ ಮೇಷ್ಟ್ರೇ?" ಎಂದು ನಮ್ಮಲ್ಲೊಬ್ಬ ಕೇಳಿದ. ಅವನ ಹೆಂಡತಿ ಹಗ್ಗದ ಆಚೆಯಿಂದ ನೋಡುವವಳಿದ್ದಳು.

"ಬೆಟ್ಟಕ್ಕೆ ಮುಖ ಇರುತ್ತೇನಪ್ಪಾ?" ಮೇಷ್ಟ್ರು ನಕ್ಕರು. "ಇನ್ನೊಂದು ಮಾತು. ನೀವು ಭಾರ ಎತ್ತೋವಾಗ ಕೂಗ್ತೀರಲ್ಲ, ಹೋ ಹೋ ಅಂತ. ಅದು ಬೇಡ. ಬೆಟ್ಟ ಮಾತಾಡಲ್ಲ."

ಬೇಡ ಎಂದು ಬಿಡಬಹುದಿತ್ತು. ಆದರೆ ಮಂಡಿ ಅವರದು. ಮಂಡಿಯ ಲಾರಿ ಇಲ್ಲದಿದ್ದರೆ ನಮ್ಮ ಓಣಿಯಲ್ಲಿ ಒಲೆ ಹೊತ್ತುವುದಿಲ್ಲ.

ದಿನವಿಡೀ ಲಾರಿ ಇಳಿಸಿ, ಸಂಜೆ ಬೆಟ್ಟವಾಗಲು ಹೋಗುತ್ತಿದ್ದೆವು. ಮೊದಲ ಸಲ ಮೇಲೆ ಹತ್ತಿದ್ದು ಒಬ್ಬಳೇ ಹುಡುಗಿ, ಸಾಹುಕಾರರ ಮೊಮ್ಮಗಳು. ಹಕ್ಕಿಯಷ್ಟು ಹಗುರ. ಮರುದಿನ ಕೆಳಗಿನ ಹಲಗೆಗಳ ಮೇಲೆ ಇನ್ನಷ್ಟು ಮಕ್ಕಳು ಬಂದರು. ಆಮೇಲೆ ಕಬ್ಬಿಣದ ಕಾಲಿನ ಮೇಲೆ ಒಂದು ಕಾಗದದ ಚಂದ್ರ ಬಂತು. ಆಮೇಲೆ ಹುಡುಗಿ ಕೂರುವುದಕ್ಕೆ ಬಂಗಾರದ ಬಣ್ಣ ಹಚ್ಚಿದ ಮರದ ಕುರ್ಚಿ. ಪ್ರತಿ ಸಂಜೆಯೂ ಬೆಟ್ಟ ಒಂದಿಷ್ಟು ಬೆಳೆಯುತ್ತಿತ್ತು. ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಬಟ್ಟೆಯ ಕೆಳಗಿನ ಕತ್ತಲಲ್ಲಿ, ಹೆಗಲಿಗೆ ಬಂದಾಗಲೇ ನಮಗೆ ಗೊತ್ತಾಗುತ್ತಿದ್ದದ್ದು.

ಒಂದು ಸಂಜೆ ಕುಣಿತ ನಡುವೆ ನಿಂತಿತು. ಮೇಲಿಂದ ಹುಡುಗಿಯ ದನಿ ಕೇಳಿತು. "ಮೇಷ್ಟ್ರೇ, ಬೆಟ್ಟ ಉಸಿರಾಡ್ತಿದೆ."

ಮಕ್ಕಳೆಲ್ಲ ನಕ್ಕರು. ಮೇಷ್ಟ್ರು ಬಟ್ಟೆಯ ಅಂಚು ಎತ್ತಿ ಒಳಗೆ ಬಗ್ಗಿದರು. "ಬಟ್ಟೆ ಏರೋದು ಇಳಿಯೋದು ಕಾಣ್ತಿದೆ. ಉಸಿರು ಸಣ್ಣದಾಗಿ ಬಿಡಿ. ಸಾಧ್ಯವಾದರೆ ಹಿಡ್ಕೊಳ್ಳಿ" ಎಂದು ಅಂಚು ಬಿಟ್ಟರು.

ಅಂದಿನಿಂದ ಉಸಿರನ್ನೂ ಕಳ್ಳತನದಲ್ಲಿ ಬಿಡಲು ಕಲಿತೆವು. ಆಗಲೇ ನನಗೆ ಬೆನ್ನ ಹಿಂದೆ ಗೊತ್ತಾದದ್ದು. ಕಂಬನ ಮೊಣಕಾಲು ನಡುಗುತ್ತಿತ್ತು. ತುಂಬಾ ಅಲ್ಲ. ದೂರದಲ್ಲಿ ಲಾರಿ ಹೋದಾಗ ಗೋಡೆ ನಡುಗುವಷ್ಟು.

ಮಾರನೆಯ ದಿನ ಅವನ ಹೆಂಡತಿ ನನ್ನ ಮನೆಗೆ ಬಂದಳು. ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

"ಅತ್ತಿಗೆ, ಅವರು ಚಹಾ ಲೋಟ ಬೀಳಿಸ್ತಿದಾರೆ."

"ಯಾವಾಗಿಂದ?"

"ತಿಂಗಳ ಮೇಲಾಯ್ತು. ಬಲಗೈಲಿ ಅಂಗಿ ಗುಂಡಿ ಹಾಕೋಕಾಗಲ್ಲ, ನಾನೇ ಹಾಕ್ತೀನಿ. ದೊಡ್ಡಾಸ್ಪತ್ರೆಗೆ ಹೋಗಿದ್ವಿ, ಯಾರಿಗೂ ಹೇಳ್ಬೇಡ ಅಂದಿದಾರೆ. ಕತ್ತಿನ ಮೂಳೆ ಒಂದರ ಮೇಲೊಂದು ಕೂತಿದ್ಯಂತೆ. ನಡುವಿನ ನರ ನಲುಗಿದ್ಯಂತೆ. ಇನ್ನೊಂದು ಸಲ ಜೋರಾಗಿ ಭಾರ ಬಿದ್ರೆ ಕೈ ಹೋಗುತ್ತೆ, ಕೈ ಒಂದೇ ಹೋದ್ರೆ ಪುಣ್ಯ ಅಂದ್ರು ಡಾಕ್ಟ್ರು."

"ಮತ್ತೆ ದಿನಾ ಹೊರ್ತಿದಾನಲ್ಲೇ!"

"ಸಣ್ಣ ಚೀಲ ಆರಿಸ್ಕೊಂಡು ಹೊರ್ತಾರೆ. ನೀವ್ಯಾರೂ ನೋಡಿಲ್ಲ. ಕಂಬ ಅಲ್ವಾ, ಯಾರು ನೋಡ್ತಾರೆ?"

ಆ ಮಾತು ನನಗೆ ಚುಚ್ಚಿತು. ನೆಟ್ಟಗೆ ತಮ್ಮನ ಹತ್ತಿರ ಹೋದೆ. ಅವನು ಮಂಡಿಯ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಬೀಡಿ ಸೇದುತ್ತಿದ್ದ. ಅವನು ಎಡಚನಲ್ಲ.

"ಬೆಟ್ಟ ಬಿಡು. ಬೇರೆಯವರನ್ನ ನಿಲ್ಲಿಸ್ತೀನಿ."

"ಅವಳು ಬಾಯಿ ಬಿಟ್ಲಾ?"

"ಬಿಟ್ಳು. ಒಳ್ಳೇದು ಮಾಡಿದ್ಳು."

"ಅಕ್ಕ, ನಡುವಿಗೆ ನಾನಿಲ್ಲದೆ ಯಾರು ನಿಲ್ತಾರೆ ಹೇಳು. ಇದು ಒಂದ್ ಸಂಜೆ, ಅದು ಒಂದ್ ಸಂಜೆ. ಮುಗೀತು. ಕತ್ತು ಹೋಗಿದೆ ಅಂತ ಸಾಹುಕಾರ್ರಿಗೆ ಗೊತ್ತಾದ್ರೆ ನಾಳೆಯಿಂದ ಮಂಡಿಗೆ ಬಿಟ್ಕೊಳ್ತಾರಾ?"

ಅವನು ಹೇಳಿದ್ದು ಸುಳ್ಳಲ್ಲ. ಆದರೂ ನಾನು ಸಾಹುಕಾರರ ಹತ್ತಿರ ಹೋದೆ. ಕಾಯಿಲೆಯ ಮಾತೆತ್ತದೆ, ನಡುವಿನ ಜಾಗಕ್ಕೆ ಬೇರೆಯವನು ನಿಲ್ಲಲಿ ಎಂದೆ. ಅವರು ಗಾದಿಯ ಮೇಲಿಂದಲೇ ಆಳನ್ನು ಕಳಿಸಿ ಕಂಬನನ್ನು ಕರೆಸಿದರು. ಗುಮಾಸ್ತ, ಗಿರಾಕಿಗಳು, ತಕ್ಕಡಿಯವನು ಎಲ್ಲರೂ ಇದ್ದರು.

"ಏನಯ್ಯಾ ಕಂಬ, ನಿನ್ನ ಕೈಲಿ ಆಗಲ್ವಂತೆ? ನಿಮ್ಮಕ್ಕ ಬಂದು ಅಳ್ತಿದಾಳೆ."

ತಮ್ಮ ನನ್ನ ಮುಖ ನೋಡಲಿಲ್ಲ. "ಏನಿಲ್ಲ ಸಾಹುಕಾರ್ರೆ. ಅಕ್ಕಂಗೆ ಸ್ವಲ್ಪ ಹೆದರಿಕೆ ಜಾಸ್ತಿ."

ಎಲ್ಲರೂ ನಕ್ಕರು. ತಕ್ಕಡಿಯವನು ಜೋರಾಗಿ ನಕ್ಕ. ನಾನು ತಲೆಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದೆ. ಸಾಹುಕಾರರು ಹಿಂದಿನಿಂದ ಹೇಳಿದರು: "ಕತ್ತು ಅವನದು, ಅವನೇ ಹೇಳ್ಲಿ. ಇನ್ನೊಬ್ಬರ ಪರವಾಗಿ ಮಾತಾಡೋ ಅಭ್ಯಾಸ ಒಳ್ಳೇದಲ್ಲಮ್ಮ."

ಉತ್ಸವದ ದಿನ ಬೆಳಿಗ್ಗೆ ಕುರ್ಚಿ ಹೊತ್ತೆವು. ಹಗ್ಗ ಕಟ್ಟಿದೆವು. ಗಾಳಿ ಇರಲಿಲ್ಲ. ಮೈದಾನದ ಧೂಳು ಎದ್ದಲ್ಲೇ ನಿಂತಿತ್ತು. ವೇದಿಕೆಯ ನಡುವಿನ ಹಲಗೆಯೊಂದು ಕಾಲಿಟ್ಟರೆ ಕಿರುಗುಡುತ್ತಿತ್ತು. ಮೇಷ್ಟ್ರಿಗೆ ತೋರಿಸಿದೆ. "ಸಂಗೀತದಲ್ಲಿ ಕೇಳಿಸಲ್ಲ ಬಿಡಿ" ಎಂದರು.

ನಮ್ಮ ಸರದಿಗೆ ಮೊದಲೇ ನಮ್ಮನ್ನು ವೇದಿಕೆಯ ಹಿಂಭಾಗದಲ್ಲಿ ಕೂರಿಸಿ ಬಟ್ಟೆ ಹೊದಿಸಿಬಿಟ್ಟರು. ಆಮೇಲೆ ಹೊದಿಸುವುದನ್ನು ಜನ ನೋಡಬಾರದಂತೆ. ಒಳಗೆ ಕತ್ತಲು, ಬೆವರು, ಬಣ್ಣದೆಣ್ಣೆಯ ನಾತ. ಹೆಗಲ ಮೇಲೆ ಹಲಗೆ. ಬಟ್ಟೆಯ ಆಚೆ ದರ್ಜಿಗಳು ಹಾಡಿದರು. ಸೈಕಲ್ಲು ಬಂದು ಹೋಯಿತು. ಆಮೇಲೆ ಕ್ಷೌರಿಕ. ರೈಲು, ನಾಯಿ, ಅಳುವ ಮಗು ಎಲ್ಲ ಮಾಡಿದ. ಕೊನೆಗೆ, "ಈಗ ನಮ್ಮ ಮಾರುಕಟ್ಟೆ ಹಮಾಲಣ್ಣ!" ಎಂದ. ಏದುಸಿರು ಬಿಟ್ಟ, ಮುಲುಕಿದ, ಕಾಲೆಳೆದು ನಡೆದ. ಮೂಟೆ ಬಿದ್ದಾಗ ಹೊರಡುವ ಸದ್ದನ್ನು ಬಾಯಲ್ಲೇ ಮಾಡಿದ. ಮೈದಾನ ಬಿದ್ದು ಬಿದ್ದು ನಕ್ಕಿತು. ಬೇರೆ ಯಾವುದಕ್ಕೂ ಅಷ್ಟು ನಗು ಬಂದಿರಲಿಲ್ಲ.

ನಾವು ಕುಕ್ಕರಗಾಲಲ್ಲಿ ಕೂತು ಉಸಿರು ಸಣ್ಣದಾಗಿ ಬಿಡುತ್ತಿದ್ದೆವು. ನಮ್ಮಲ್ಲೊಬ್ಬ ಪಿಸುಗುಟ್ಟಿದ: "ನನ್ಮಗ, ನನ್ನ ನಡಿಗೇನೇ ಕದ್ದಿದಾನೆ ಕಣ್ರೋ." ಯಾರೋ ಕಿಸಕ್ಕೆಂದರು. ಕಂಬ ನಗಲಿಲ್ಲ.

ತಮಟೆ ಬಡಿಯಿತು. ಎದ್ದೆವು. ಮೊದಲು ಮುಂದಿನವರು, ಆಮೇಲೆ ನಾವು, ಆಮೇಲೆ ಹಿಂದಿನವರು. ಧ್ವನಿವರ್ಧಕದಲ್ಲಿ ಘೋಷಣೆ ಬಂತು: "ಪ್ರಕೃತಿ ವೈಭವ. ಅರ್ಪಿಸುವವರು, ನೃತ್ಯಶಾಲೆಯ ಮಕ್ಕಳು." ನಮ್ಮ ಓಣಿಯ ಸುದ್ದಿಯೇ ಇರಲಿಲ್ಲ. ಮಕ್ಕಳು ಹತ್ತಿದರು. ಚಂದ್ರ ಬಂತು. ಕುರ್ಚಿ ಬಂತು. ಹುಡುಗಿ ಬಂದು ಕೂತಳು. ಚಪ್ಪಾಳೆ. ಕುಣಿತ ಮುಗಿಯುತ್ತಾ ಬಂತು. ಇನ್ನು ತಮಟೆ ನಿಧಾನವಾಗಬೇಕು, ಬೆಟ್ಟ ಇಳಿಯಬೇಕು. ನಾನು ಬೆನ್ನಲ್ಲೇ ಕಂಬನ ಮೊಣಕಾಲು ಕೇಳುತ್ತಿದ್ದೆ. ನಡುಗುತ್ತಿತ್ತು. ಆದರೆ ನಿಂತಿತ್ತು.

ತಮಟೆ ನಿಧಾನವಾಗಲಿಲ್ಲ. ನಿಂತೇಬಿಟ್ಟಿತು.

"ಈ ಬೆಟ್ಟದ ತುದಿಯಲ್ಲಿ, ಮಕ್ಕಳ ನಡುವೆ, ನಮ್ಮ ಅಧ್ಯಕ್ಷರಿಗೆ ಸನ್ಮಾನ! ಸಾಹುಕಾರರು ದಯವಿಟ್ಟು ಮೇಲೆ ಬರಬೇಕು!"

ಇದು ಅಭ್ಯಾಸದಲ್ಲಿ ಇರಲಿಲ್ಲ. ಬಟ್ಟೆಯ ಆಚೆಯಿಂದ ಮೇಷ್ಟ್ರ ಪಿಸುಮಾತು ಬಂತು: "ಅಲ್ಲಾಡಬೇಡಿ. ಒಂದೇ ನಿಮಿಷ. ಅಲ್ಲಾಡಬೇಡಿ."

ಮೊದಲ ಹಲಗೆಯ ಮೇಲೆ ಬೂಟುಗಾಲು ಬಿತ್ತು. ಮುಂದಿನ ಸಾಲಿನಲ್ಲಿ ಯಾರದೋ ಹಲ್ಲು ಕಟಕಟ ಎಂದಿತು. ಆಮೇಲೆ ನಮ್ಮ ಹಲಗೆ. ನನ್ನ ಹೆಗಲ ಮೂಳೆಯ ಮೇಲೇ ಆ ಹಿಮ್ಮಡಿ ನಿಂತು, ತಿರುಗಿ, ಜನರಿಗೆ ಕೈ ಬೀಸಿತು. ನೂರಾರು ಸಲ ಹೊತ್ತ ಮೂಟೆಯ ಭಾರ ಬೇರೆ, ಇದು ಬೇರೆ. ಮೂಟೆ ಸುಮ್ಮನಿರುತ್ತದೆ. ಇದು ನಮ್ಮ ಮೇಲೆ ನಿಂತು ನಗುತ್ತಿತ್ತು. ಬೂಟು ನನ್ನ ಹೆಗಲು ಬಿಟ್ಟಿತು. ಮೇಲಿನ ಹಲಗೆ ಕಿರ್ರೆಂದಿತು.

ನನ್ನ ಹಿಂದೆ ಕಂಬ ಉಸಿರು ಬಿಗಿಹಿಡಿದ. ಹಾರ ತಂದರು. ಶಾಲು ತಂದರು. ಫೋಟೋದವನು ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಸಾಹುಕಾರರಿಗೆ ಮೈಕು ಕೊಟ್ಟರು. ಅವರು ಬಂಗಾರದ ಕುರ್ಚಿಯಲ್ಲಿ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ಶುರು ಮಾಡಿದರು. "ಈ ಬಡಾವಣೆಯನ್ನ ನನ್ನ ಹೆಗಲ ಮೇಲೆ ಹೊತ್ತು..."

ನನ್ನ ಕಿವಿಗೆ ಏನೋ ತಾಗಿತು. ತಣ್ಣಗೆ, ಒದ್ದೆಯಾಗಿ, ಸತ್ತ ಹಾವಿನ ಹಾಗೆ. ಕಂಬನ ಬಲಗೈ. ಹಲಗೆಯ ಹಿಡಿತ ಬಿಟ್ಟು ನನ್ನ ಭುಜದ ಮೇಲೆ ನೇತಾಡುತ್ತಿತ್ತು. ಬೆರಳು ಮುಟ್ಟಿದೆ. ಬೆರಳಿಗೆ ನಾನು ಮುಟ್ಟಿದ್ದು ಗೊತ್ತಾಗಲಿಲ್ಲ.

"ಕೂಗೋ" ಎಂದೆ ಮೆಲ್ಲಗೆ.

ಮೇಲೆ ಸಾಹುಕಾರರ ಮಾತು ನಡೆದೇ ಇತ್ತು.

"ಕೂಗೋ ತಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ" ಎಂದ. ಹಲ್ಲಿನ ನಡುವಿಂದ ಬಂದ ಗಾಳಿಯಷ್ಟೇ. ಅವನ ಮೊಣಕಾಲು ಈಗ ನಡುಗುತ್ತಿರಲಿಲ್ಲ. ಬಗ್ಗುತ್ತಿತ್ತು.

ಅವನು ಬಿದ್ದರೆ ಹಲಗೆ ಬೀಳುತ್ತದೆ. ಹಲಗೆ ಬಿದ್ದರೆ ಅವನ ಕತ್ತಿನ ಮೇಲೇ ಬೀಳುತ್ತದೆ, ಕುರ್ಚಿ, ಚಂದ್ರ, ಸಾಹುಕಾರ, ಆ ಮಗು ಎಲ್ಲ. ಬೆಟ್ಟ ಮಾತಾಡಬಾರದು ಎನ್ನುವುದು ಅವರ ಕಟ್ಟಳೆ. ಇನ್ನೊಬ್ಬರಿಗಾಗಿ ಕೂಗಬಾರದು ಎನ್ನುವುದು ನಮ್ಮದು. ಎರಡನ್ನೂ ಮುರಿದೆ.

"ಹೆಗಲೋ!"

ಅಷ್ಟು ಜೋರಾಗಿ ನಾನು ಹೆರಿಗೆಯಲ್ಲೂ ಕೂಗಿರಲಿಲ್ಲ. ನಾನು ಇನ್ನೊಮ್ಮೆ ಕೂಗಿದೆ.

ಹಗ್ಗದ ಆಚೆ ನಮ್ಮ ಓಣಿ ನಿಂತಿತ್ತು. ಅವರು ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸ ಆ ಕೂಗಿಗೆ ಇಲ್ಲ. ಹಗ್ಗ ಹಾರಿದರು. ಕುರ್ಚಿಗಳ ಮೇಲೆ, ಕುರ್ಚಿಯಲ್ಲಿ ಕೂತವರ ನಡುವೆ, ಅತಿಥಿಗಳ ಸೋಫಾ ತುಳಿದುಕೊಂಡು ಬಂದರು. ಯಾರೋ "ಗಲಾಟೆ, ಗಲಾಟೆ!" ಎಂದು ಕಿರುಚಿದರು. ಇನ್ನಾರೋ "ಪೊಲೀಸರನ್ನ ಕರೀರಿ!" ಎಂದರು. ನಮ್ಮವರು ವೇದಿಕೆ ಹತ್ತಿ ಬಟ್ಟೆಯನ್ನು ಎಳೆದು ಎಸೆದರು. ದೀಪದ ಬೆಳಕು ಕಣ್ಣಿಗೆ ಹೊಡೆಯಿತು. ಜನ ನಮ್ಮನ್ನು ನೋಡಿದರು. ಮೊಣಕಾಲೂರಿದವರು, ಬಗ್ಗಿದವರು, ಬಾಯಿ ತೆರೆದು ಉಸಿರೆಳೆಯುತ್ತಿದ್ದವರು. ಕಣ್ಣು ತಿರುಗಿದ ಕಂಬ.

ಮೊದಲು ಹುಡುಗಿಯನ್ನು ಇಳಿಸಿದರು. ಕೈಯಿಂದ ಕೈಗೆ, ಗಾಜಿನ ಸಾಮಾನು ಇಳಿಸುವ ಹಾಗೆ. ಆಮೇಲೆ ಉಳಿದ ಮಕ್ಕಳನ್ನು. ಆಮೇಲೆ ಹಲಗೆಯ ಕೆಳಗೆ ಎಂಟೂ ಕಡೆಯಿಂದ ಹೆಗಲು ಕೊಟ್ಟರು. "ಬಂತು, ಬಂತು, ಮೆಲ್ಲಗೆ ಬಿಡು" ಎನ್ನುತ್ತಾ ಕುರ್ಚಿಯ ಸಮೇತ, ಹಾರದ ಸಮೇತ ಸಾಹುಕಾರರನ್ನು ನೆಲಕ್ಕೆ ತಂದರು. ಮೈಗೆ ಒಂದು ಗೀರೂ ಆಗದಂತೆ. ದಿನಾ ಅವರ ಮಾಲು ಇಳಿಸುವ ಹಾಗೆಯೇ ಇಳಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕುಬಿಟ್ಟರು. ಸಾಹುಕಾರರ ಮುಖ ಕಪ್ಪಿಟ್ಟಿತು.

ಹೆಗಲ ಮೇಲಿನ ಹಲಗೆ ಹೋಗುವವರೆಗೂ ಕಂಬ ನಿಂತಿದ್ದ. ಹೋದ ಮೇಲೆ ಮೆಲ್ಲಗೆ ಕೂತ. ಆಮೇಲೆ ಪಕ್ಕಕ್ಕೆ ಒರಗಿದ.

"ಯಾರು ಕೂಗಿದ್ದು?" ಎಂದರು ಸಾಹುಕಾರರು.

"ನಾನು."

"ನಿನ್ನ ಮೇಲೆ ಏನು ಬಿದ್ದಿತ್ತು ಅಷ್ಟು ಅರಚೋಕೆ?"

"ನೀವು ಬಿದ್ದಿದ್ರಿ ಸಾಹುಕಾರ್ರೆ."

ಧ್ವನಿವರ್ಧಕ ಮತ್ತೆ ಮಾತಾಡಿತು. ಸಣ್ಣ ಅಡಚಣೆಗಾಗಿ ಕ್ಷಮೆ ಇರಲಿ, ಈಗ ಅಕಾರ್ಡಿಯನ್ ವಾದನ ಎಂದಿತು. ಅಂಚೆಯವರು ಒಮ್ಮೆ ನಮ್ಮ ಕಡೆ ನೋಡಿ, ಕಣ್ಣು ಮುಚ್ಚಿ ನುಡಿಸಿದರು. ಕುಣಿಯುವ ಧಾಟಿಯ ಮಟ್ಟು. ಅದನ್ನು ಕೇಳುತ್ತಲೇ ತಮ್ಮನನ್ನು ತಳ್ಳುಗಾಡಿಯ ಮೇಲೆ ಹಾಕಿಕೊಂಡು ಆಸ್ಪತ್ರೆಯ ಕಡೆ ಓಡಿದೆವು. ಅವನ ಹೆಂಡತಿ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಲ್ಲಾಡಲು ಬಿಡದೆ, ಗಾಡಿಯ ಪಕ್ಕದಲ್ಲೇ ಓಡುತ್ತಿದ್ದಳು.

ಮರುದಿನ ಬೆಳಿಗ್ಗೆ ಸಾಹುಕಾರರ ಗುಮಾಸ್ತ ಓಣಿಗೆ ಬಂದ. ಮುಗಿದದ್ದು ಒಂದೇ ಸಂಜೆ, ಇನ್ನೊಂದಿತ್ತು. ಅವನು ಕೆಟ್ಟವನಲ್ಲ, ಹೊಟ್ಟೆಪಾಡಿನವನು. ಚಪ್ಪಲಿಯ ತುದಿ ನೋಡುತ್ತಾ ಮಾತಾಡಿದ.

"ಅಕ್ಕ, ಇವತ್ತು ದೊಡ್ಡವರೆಲ್ಲ ಬರ್ತಾರೆ. ಬೆಟ್ಟ ಬೇಕೇಬೇಕಂತೆ. ನಡುವಿಗೆ ಬೇರೆ ಒಬ್ಬನ್ನ ನಿಲ್ಲಿಸ್ಬೇಕಂತೆ."

"ಇನ್ನೇನು ಹೇಳಿದ್ರು?"

"ಆಸ್ಪತ್ರೆ ಖರ್ಚು ಅವರೇ ನೋಡ್ಕೊಳ್ತಾರಂತೆ. ಆದ್ರೆ ನೀವು ಮೈಕಿನ ಮುಂದೆ ನಿಂತು ತಪ್ಪಾಯ್ತು ಅನ್ಬೇಕಂತೆ. ನಿನ್ನೆ ತಮ್ಮ ಕುಡಿದಿದ್ದ, ಅದಕ್ಕೆ ಹಾಗಾಯ್ತು ಅಂತ."

ದೊಡ್ಡವ್ವ ಹೊಸ್ತಿಲಿಂದಲೇ ಕೇಳಿದಳು: "ಅವನು ಕುಡಿದಿದ್ನಾ, ಅವನ ಮೇಲೆ ಹತ್ತಿದೋರು ಕುಡಿದಿದ್ರಾ?"

ಗುಮಾಸ್ತ ಚಪ್ಪಲಿಯನ್ನು ನೆಲಕ್ಕೆ ಉಜ್ಜಿದ. ಆಮೇಲೆ ಮೆಲ್ಲಗೆ, "ಇಲ್ಲಾಂದ್ರೆ ಮಂಡಿ ಬಾಗಿಲು ಮುಚ್ಚಿದ ಹಾಗೆ ಅಕ್ಕ. ಬೇರೆ ಊರಿನ ಗ್ಯಾಂಗು ತರಿಸ್ತಾರೆ. ಹೇಳಿ ಆಗಿದೆ" ಎಂದ.

ಗ್ಯಾಂಗಿನವರೆಲ್ಲ ಸುತ್ತ ನಿಂತಿದ್ದರು. ಹೆಗಲು ಊದಿಕೊಂಡವರು, ಮೊಣಕಾಲು ಸುಲಿದವರು. ಮಕ್ಕಳೊಂದಿಗರು. ನಾನು ಒಬ್ಬಳೇ ಹೂಂ ಅನ್ನುವ ಮಾತಲ್ಲ, ಊಹೂಂ ಅನ್ನುವ ಮಾತೂ ಅಲ್ಲ. ಒಬ್ಬೊಬ್ಬರ ಮುಖ ನೋಡಿದೆ.

"ನಡುವಿಗೆ ಯಾರು ನಿಲ್ತೀರಾ?" ಎಂದು ಕೇಳಿದೆ. ನಿಲ್ಲುವವರಿದ್ದರೆ ನಾನು ತಡೆಯುವವಳಾಗಿರಲಿಲ್ಲ. ಹಸಿವಿನ ಮುಂದೆ ಯಾರನ್ನೂ ತಡೆಯುವ ಹಕ್ಕು ನನಗಿಲ್ಲ.

ಯಾರೂ ಮುಂದೆ ಬರಲಿಲ್ಲ. ಕ್ಷೌರಿಕನಿಗೆ ತನ್ನ ನಡಿಗೆ ಕಳೆದುಕೊಂಡವನು ನೆಲಕ್ಕೆ ಉಗುಳಿ ಹೇಳಿದ: "ನನ್ನ ಮೇಲೆ ಚೀಲ ಹೇರ್ಲಿ, ಎಷ್ಟಾದ್ರೂ ಹೇರ್ಲಿ. ಅವನನ್ನ ಹೊರಲ್ಲ."

"ಕೇಳಿದ್ಯಲ್ಲಪ್ಪಾ" ಎಂದೆ ಗುಮಾಸ್ತನಿಗೆ. "ಹೋಗಿ ಹೇಳು. ಕುಡಿದಿದ್ದ ಅಂತ ನಾನು ಹೇಳಲ್ಲ. ತಪ್ಪಾಯ್ತು ಅಂತಾನೂ ಹೇಳಲ್ಲ. ಬೆಟ್ಟ ಬೇಕಾದ್ರೆ ಸಾಹುಕಾರ್ರೇ ಬಗ್ಗಿ ನಿಲ್ಲಲಿ. ಹತ್ತೋಕೆ ನಮ್ಮಲ್ಲೂ ಮಕ್ಕಳಿದಾವೆ."

ಅವನು ಹೋದ. ಹೋಗುವಾಗ ದೊಡ್ಡವ್ವನಿಗೆ ಕೈ ಮುಗಿದ, ಯಾಕೋ ಗೊತ್ತಿಲ್ಲ.

ಆ ಸಂಜೆ ಖಾಲಿ ಎಣ್ಣೆ ಪೀಪಾಯಿ ಜೋಡಿಸಿ ಅದರ ಮೇಲೆ ಬಟ್ಟೆ ಹಾಕಿದರಂತೆ. ಬೆಟ್ಟ ಏಳಲೂ ಇಲ್ಲ, ಇಳಿಯಲೂ ಇಲ್ಲ. ಸಾಹುಕಾರರು ಹತ್ತಲಿಲ್ಲವಂತೆ. ಪೀಪಾಯಿಯನ್ನು ನಂಬುವುದು ಹೇಗೆ?

ಮೂರನೆಯ ಬೆಳಗಿಗೆ ಎರಡು ಲಾರಿಯಲ್ಲಿ ಹೊಸ ಗ್ಯಾಂಗು ಬಂದಿಳಿಯಿತು. ನಮ್ಮ ಹಾಗೆಯೇ ಗಿಡ್ಡ ಕತ್ತಿನವರು. ನಾವು ಅವರ ಜೊತೆ ಜಗಳಕ್ಕೆ ಹೋಗಲಿಲ್ಲ. ಪೊಲೀಸರು ಬಂದು, ಅತಿಥಿಗಳ ಸೋಫಾ ಹಾಳು ಮಾಡಿದ್ದಕ್ಕೆ ನಮ್ಮವರಲ್ಲಿ ಐವರನ್ನು ಕರೆದೊಯ್ದು ಹೊಡೆದು ಬಿಟ್ಟರು.

ಆಸ್ಪತ್ರೆಯಲ್ಲಿ ತಮ್ಮನ ಕತ್ತಿಗೆ ಪಟ್ಟಿ ಹಾಕಿದ್ದರು. ನಾನು ಹೋದಾಗ ಕಣ್ಣನ್ನು ಚಾವಣಿಯಿಂದ ಇಳಿಸಲಿಲ್ಲ.

"ನಾನು ಕೂಗಿರಲಿಲ್ಲ" ಎಂದ.

"ಗೊತ್ತು."

"ಎಲ್ಲರೂ ನಾನೇ ಕೂಗಿದ್ದು ಅನ್ಕೊಂಡಿದಾರೆ."

"ನಾನು ಕೂಗಿದ್ದು ಅಂತ ಎಲ್ಲರ ಎದುರಿಗೇ ಹೇಳಿದೀನಲ್ಲೋ."

"ಅದು ಇನ್ನೂ ಕೇಡು" ಎಂದು ಕಣ್ಣು ಮುಚ್ಚಿದ. ಅವನ ಹೆಂಡತಿ ಮಂಚದ ಆಚೆಯಿಂದ ನನ್ನ ಕೈ ಹಿಡಿದುಕೊಂಡಳು. ಅಂದಿನಿಂದ ಇವತ್ತಿನವರೆಗೆ ಅವನು ನನ್ನ ಹತ್ತಿರ ಮಾತಾಡಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಾನೆ, ಪರಕೀಯಳಿಗೆ ಬಿಡುವ ಹಾಗೆ.

ಕಳೆದದ್ದು ಇಷ್ಟು. ಮಂಡಿ ಹೋಯಿತು. ಓಣಿಯ ನಾಲ್ಕು ಮನೆಯವರು ಗಂಟು ಕಟ್ಟಿಕೊಂಡು ಬೇರೆ ಊರಿಗೆ ಹೋದರು. ಉಳಿದವರು ರೈಲು ಗೂಡ್ಸ್ ಶೆಡ್ಡಿನಲ್ಲಿ ಸಿಕ್ಕ ದಿನ ಹೊರುತ್ತೇವೆ. ತಮ್ಮನ ಬಲಗೈ ಮೇಲಕ್ಕೆ ಏಳುವುದಿಲ್ಲ. ನನಗಿದ್ದ ಒಬ್ಬನೇ ತಮ್ಮ ನನಗಿಲ್ಲ.

ಸಿಕ್ಕಿದ್ದು, ಅವನು ಬದುಕಿದ್ದಾನೆ. ತನ್ನ ಕಾಲ ಮೇಲೆ ನಡೆಯುತ್ತಾನೆ.